ಮೂತ್ರ ಪರೀಕ್ಷೆಯ ಚೀಟಿ ಮೊದಲು ಯಾರ ಕೈಗೆ ಹೋಗಬೇಕು?

ಕಲಬುರಗಿ ಕೋರ್ಟಿನ ಆವರಣದಲ್ಲಿ ಬೇವಿನ ನೆರಳಿಗೆ ಕೂತಿದ್ದೆ. ಜೇವರ್ಗಿ ಕಡೆಯ ತಾಯಿಯೊಬ್ಬರು ಬಂದು ಪಕ್ಕದಲ್ಲಿ ಕೂತರು. ಮಗನ ಹತ್ತಿರ ಗಾಂಜಾ ಪೊಟ್ಟಣ ಸಿಕ್ಕಿತ್ತು. ಅಂಗೈಯಲ್ಲಿ ಹಿಡಿಯುವಷ್ಟು. ಸ್ವಲ್ಪ ಹೊತ್ತು ಸುಮ್ನೆ ಇದ್ದು ಕೇಳಿದರು: "ಯಣ್ಣಾ, ವಾರಾ ವಾರಾ ಉಚ್ಚಿ ಚೆಕ್ ಮಾಡಸ್ತೀವಿ ಅಂತ ಜಡ್ಜ್ ಸಾಹೇಬ್ರಿಗಿ ಬರ್ದು ಕೊಟ್ರ ನನ್ ಮಗ್ಗ ಬಿಡ್ತಾರೇನ್ರಿ?"

ಅಮೆರಿಕದಲ್ಲಿ ಹಾಗೆ ಮಾಡುತ್ತಾರೆ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ನನಗೆ ಆವತ್ತು ಅರ್ಧ ಉತ್ತರ ಮಾತ್ರ ಗೊತ್ತಿತ್ತು. ಆಮೇಲೆ ಓದುತ್ತಾ ಹೋದಂತೆ ಅನಿಸಿದ್ದು ಇಷ್ಟು. ಪರೀಕ್ಷೆ ಬೇಕೋ ಬೇಡವೋ ಎಂದು ನಾವು ಜಗಳ ಮಾಡುತ್ತೇವೆ. ಆದರೆ ಪರೀಕ್ಷೆಯ ಫಲಿತಾಂಶ ಮೊದಲು ಯಾರ ಕೈಗೆ ಹೋಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಡಾಕ್ಟರ ಕೈಗೋ, ಪೊಲೀಸರ ಕೈಗೋ?

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಪೆರೋಲ್ ಅಂದರೆ ಶಿಕ್ಷೆ ಅನುಭವಿಸುತ್ತಿರುವ ಕೈದಿಗೆ ಸಿಗುವ ರಜೆ. ಮನೆಯಲ್ಲಿ ಮದುವೆ, ತಂದೆಗೆ ಕಾಯಿಲೆ, ಹೊಲದ ಕೆಲಸ, ಇಂಥ ಕಾರಣಕ್ಕೆ ಕೆಲವು ದಿನ ಹೊರಗೆ ಬಿಡುತ್ತಾರೆ. 2024ರಲ್ಲಿ ನಮ್ಮ ಹೈಕೋರ್ಟ್ ಹೊಲ ನೋಡಿಕೊಳ್ಳಲು ಒಬ್ಬ ಕೈದಿಗೆ 90 ದಿನ ಪೆರೋಲ್ ಕೊಟ್ಟಿತ್ತು. ಜಾಮೀನುದಾರರು ಬೇಕು, ಊರಿನ ಠಾಣೆಗೆ ಹೋಗಿ ಸಹಿ ಹಾಕಬೇಕು, ರಜೆ ಮುಗಿದ ಮೇಲೆ ಮತ್ತೆ ಒಳಗೆ ಹೋಗಬೇಕು. ಅಮೆರಿಕದಲ್ಲಿ ಪೆರೋಲ್ ಅಂದರೆ ಬೇರೆ. ಅಲ್ಲಿ ಶಿಕ್ಷೆಯ ಉಳಿದ ಭಾಗವನ್ನು ಜೈಲಿನ ಹೊರಗೆ, ಅಧಿಕಾರಿಯ ಕಣ್ಣಳತೆಯಲ್ಲಿ ಕಳೆಯಬೇಕು. ಪ್ರೊಬೇಷನ್ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ತಪ್ಪು ಸಾಬೀತಾದರೂ ಜೈಲಿಗೆ ಕಳಿಸದೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವುದು.

ಅಮೆರಿಕದಲ್ಲಿ ಪ್ರೊಬೇಷನ್ ಮತ್ತು ಪೆರೋಲ್ ಮೇಲಿರುವವರು 2022ರ ಕೊನೆಗೆ ಸುಮಾರು 37 ಲಕ್ಷ. ಅವರಲ್ಲಿ ಬಹಳಷ್ಟು ಜನಕ್ಕೆ ಮೂತ್ರ ಪರೀಕ್ಷೆ ಕಡ್ಡಾಯ. ಎಷ್ಟೋ ಕಡೆ ಬೆಳಿಗ್ಗೆ ಎದ್ದು ಒಂದು ನಂಬರಿಗೆ ಫೋನ್ ಮಾಡಬೇಕು. ಇವತ್ತು ನಿನ್ನ ಸರದಿ ಎಂದರೆ ಕೆಲಸ ಬಿಟ್ಟು ಓಡಬೇಕು. ಪರೀಕ್ಷೆಯ ದುಡ್ಡನ್ನೂ ಹಲವು ಕಡೆ ಅವರೇ ಕಟ್ಟಬೇಕು.

ನಮ್ಮ ದೇಶದಲ್ಲಿ ಇಂಥ ನಿಯಮಿತ ಪರೀಕ್ಷೆ ಇಲ್ಲ. ಆದರೆ ಆ ಕಡೆ ಹೆಜ್ಜೆ ಬೀಳುತ್ತಿದೆ. ಹುಬ್ಬಳ್ಳಿ-ಧಾರವಾಡದಲ್ಲಿ 2024ರಲ್ಲಿ ಪೊಲೀಸರು ಗಾಂಜಾ ಸೇದುವವರೆಂಬ ಅನುಮಾನದ ಮೇಲೆ ನೂರಾರು ಜನರನ್ನು ಕರೆಸಿ ವೈದ್ಯಕೀಯ ಪರೀಕ್ಷೆ ಮಾಡಿಸಿದರು. ನಮ್ಮ ಭಾಗದಲ್ಲಿ ಗಾಂಜಾ ಚಿಂತೆ ಹೊಸದಲ್ಲ. ತೊಗರಿ ಸಾಲಿನ ನಡುವೆ, ಕಬ್ಬಿನ ನಡುವೆ ಗಾಂಜಾ ಗಿಡ ಸಿಕ್ಕ ಸುದ್ದಿ ನಾವು ಓದುತ್ತಲೇ ಇದ್ದೇವೆ. ಒಡಿಶಾ ಕಡೆಯಿಂದ ಮಹಾರಾಷ್ಟ್ರಕ್ಕೆ ಹೋಗುವ ಮಾಲು ಬೀದರ್ ಗಡಿ ದಾಟಿ ಹೋಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಗಾಂಜಾ ಜಾಡು ಹಿಡಿದು ಮಹಾರಾಷ್ಟ್ರ ಗಡಿಗೆ ಹೋದ ಕಲಬುರಗಿಯ ಪೊಲೀಸ್ ಅಧಿಕಾರಿಯ ಮೇಲೆ ದಂಧೆಯವರು ಬಿದ್ದು ಹೊಡೆದರು. ಜನಕ್ಕೆ ಸಿಟ್ಟಿದೆ, ಹೆದರಿಕೆಯೂ ಇದೆ. "ಬಿಡೋದಾದ್ರೆ ಟೆಸ್ಟ್ ಮಾಡಿ ಬಿಡಿ" ಎಂಬ ಮಾತು ಆ ಹೆದರಿಕೆಯಿಂದಲೇ ಬರುತ್ತದೆ.

ಕಾನೂನು ಏನು ಹೇಳುತ್ತದೆ? 1958ರ ಪ್ರೊಬೇಷನ್ ಕಾಯ್ದೆಯ 4ನೇ ಕಲಮಿನಲ್ಲಿ ಕೋರ್ಟು ಹಾಕಬಹುದಾದ ಷರತ್ತುಗಳ ಮಾತಿದೆ. ಎಲ್ಲಿ ವಾಸ ಮಾಡಬೇಕು ಎಂಬುದರ ಜೊತೆಗೆ ಅಮಲು ಪದಾರ್ಥದಿಂದ ದೂರ ಇರಬೇಕು ಎಂಬುದನ್ನೂ ಅಲ್ಲಿ ಹೆಸರಿಸಿಯೇ ಬರೆದಿದ್ದಾರೆ. ಪರೀಕ್ಷೆಯ ಮಾತಿಲ್ಲ. ಮೂತ್ರದಲ್ಲಿ ಡ್ರಗ್ಸ್ ಇದೆಯೋ ಎಂದು ತೋರಿಸುವ ಪ್ಲಾಸ್ಟಿಕ್ ಪಟ್ಟಿಗಳೇ (ಸ್ಟ್ರಿಪ್) ಆಗ ಇರಲಿಲ್ಲ. ಆಮೇಲೆ 1985ರಲ್ಲಿ ಮಾದಕ ಪದಾರ್ಥಗಳನ್ನು ತಡೆಯುವ ಎನ್‌ಡಿಪಿಎಸ್ ಕಾಯ್ದೆ ಬಂತು. ಅದರ 33ನೇ ಕಲಮು ಈ ಬಾಗಿಲನ್ನು ಬಹುತೇಕ ಮುಚ್ಚಿತು. 18 ವರ್ಷದೊಳಗಿನವರು, 26 ಅಥವಾ 27ನೇ ಕಲಮಿನಡಿ ಶಿಕ್ಷೆಯಾದವರು ಬಿಟ್ಟರೆ ಉಳಿದ ಡ್ರಗ್ಸ್ ಅಪರಾಧಿಗಳಿಗೆ ಪ್ರೊಬೇಷನ್ ಕಾಯ್ದೆ ಅನ್ವಯಿಸುವುದಿಲ್ಲ. 27 ಅಂದರೆ ಸೇವನೆಯ ಕಲಮು.

ಆದರೆ ಅದೇ ಕಾಯ್ದೆ ಇನ್ನೊಂದು ಬಾಗಿಲು ತೆರೆದಿದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. 39ನೇ ಕಲಮು. ಸೇವನೆಯ ಕೇಸಾಗಲಿ, ಸಣ್ಣ ಪ್ರಮಾಣದ ಕೇಸಾಗಲಿ (ಗಾಂಜಾಕ್ಕೆ 1 ಕಿಲೋವರೆಗೆ ಸಣ್ಣ ಪ್ರಮಾಣ), ಅಪರಾಧಿ ವ್ಯಸನಿ ಆಗಿದ್ದರೆ ಕೋರ್ಟು ಅವನನ್ನು ತಕ್ಷಣ ಜೈಲಿಗೆ ಕಳಿಸಬೇಕಿಲ್ಲ. ಅವನ ಒಪ್ಪಿಗೆ ಪಡೆದು, ಮುಚ್ಚಳಿಕೆ ಬರೆಸಿಕೊಂಡು, ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಗೆ ಚಿಕಿತ್ಸೆಗೆ ಕಳಿಸಬಹುದು. ಒಂದು ವರ್ಷದೊಳಗೆ ಚಿಕಿತ್ಸೆಯ ವರದಿ ಕೋರ್ಟಿಗೆ ಬರಬೇಕು. ವರದಿ ಚೆನ್ನಾಗಿದ್ದರೆ ಬುದ್ಧಿ ಹೇಳಿ, 3 ವರ್ಷದವರೆಗಿನ ಮುಚ್ಚಳಿಕೆ ಮೇಲೆ ಬಿಟ್ಟುಬಿಡಬಹುದು. 64ಎ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಇಂಥ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಚಿಕಿತ್ಸೆ ಕೇಳಿದರೆ ಅವನ ಮೇಲೆ ಮೊಕದ್ದಮೆಯೇ ನಡೆಯುವುದಿಲ್ಲ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆ ಹೋಗುತ್ತದೆ.

ಇಲ್ಲಿ ಒಂದು ಪದ ಗಮನಿಸಬೇಕು: ವ್ಯಸನಿ. ಬಾಗಿಲು ತೆರೆಯುವುದು ಚಟ ಅಂಟಿದವನಿಗೆ. ಚಟ ಅಂಟಿದೆಯೋ ಇಲ್ಲವೋ ಎಂಬುದನ್ನು ಮೂತ್ರದ ಪಟ್ಟಿ ಹೇಳಲಾರದು. ಅದನ್ನು ಹೇಳಬೇಕಾದವರು ಡಾಕ್ಟರು. ಕೂತು ಮಾತಾಡಿಸಿ, ಮನೆಯವರನ್ನು ಕೇಳಿ, ಎಷ್ಟು ವರ್ಷದಿಂದ, ಬಿಟ್ಟಾಗ ಏನಾಗುತ್ತದೆ ಎಂದು ನೋಡಿ ಹೇಳಬೇಕು.

ಹಾಗಾದರೆ ಪಟ್ಟಿ ಏನು ಹೇಳುತ್ತದೆ? ಇದನ್ನು ಬಿಡಿಸಿ ನೋಡೋಣ. ಇಡೀ ವಾದ ನಿಂತಿರುವುದು ಒಂದು ಸಣ್ಣ ಪ್ಲಾಸ್ಟಿಕ್ ತುಂಡಿನ ಮೇಲೆ.

ಗರ್ಭ ಪರೀಕ್ಷೆಯ ಪಟ್ಟಿ ಎಲ್ಲರಿಗೂ ಗೊತ್ತು. ಎರಡು ಗೆರೆ ಬಂದರೆ ಹೌದು. ಡ್ರಗ್ಸ್ ಪಟ್ಟಿ ಉಲ್ಟಾ. ಎರಡು ಗೆರೆ ಬಂದರೆ ಇಲ್ಲ ಎಂದು ಅರ್ಥ, ಒಂದೇ ಗೆರೆ ಬಂದರೆ ಇದೆ ಎಂದು ಅರ್ಥ. ಎರಡನೇ ಗೆರೆ ಮಂಕಾಗಿ ಬಂದರೂ ಅದು 'ಇಲ್ಲ'ವೇ. ತರಬೇತಿ ಇಲ್ಲದ ಕೈಯಲ್ಲಿ, ಠಾಣೆಯ ಮಂದ ಬೆಳಕಿನಲ್ಲಿ, ಆ ಮಂಕು ಗೆರೆಯನ್ನು ನೋಡದೆ ಬಿಟ್ಟರೆ ಒಬ್ಬನ ಬದುಕು ತಿರುಗಿಹೋಗುತ್ತದೆ.

ಈ ಪಟ್ಟಿ ಮೊದಲ ಜರಡಿ ಮಾತ್ರ. ಗಾಂಜಾ ಪಟ್ಟಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 50 ನ್ಯಾನೋಗ್ರಾಂ ದಾಟಿದರೆ 'ಇದೆ' ಎನ್ನುತ್ತದೆ. ಹೋಲುವ ಬೇರೆ ಪದಾರ್ಥವನ್ನೂ ಅದು ಹಿಡಿದುಬಿಡಬಹುದು. ಟಿಬಿಗೆ ಕೊಡುವ ರಿಫಾಂಪಿಸಿನ್ ಮಾತ್ರೆ ಕೆಲವು ಪಟ್ಟಿಗಳಲ್ಲಿ ಅಫೀಮಿನಂತೆ ಕಾಣುತ್ತದೆ. ಆಫ್ಲಾಕ್ಸಸಿನ್ ಎಂಬ ಸಾಮಾನ್ಯ ಆಂಟಿಬಯೋಟಿಕ್ ಕೂಡ ಹಾಗೆಯೇ. ಕೊಡೀನ್ ಇರುವ ಕೆಮ್ಮಿನ ಸಿರಪ್ ಅಂತೂ ನಿಜವಾಗಿಯೇ ಅಫೀಮಿನ ಜಾತಿ. ನಮ್ಮ ಅಡುಗೆಮನೆಯ ಗಸಗಸೆಯೂ ಅದೇ ಗಿಡದ ಬೀಜ. ಅಮೆರಿಕದಲ್ಲಿ ಗಸಗಸೆ ಹಾಕಿದ ಬ್ರೆಡ್ ತಿಂದವರು ಸಿಕ್ಕಿಬೀಳುತ್ತಾರೆ ಎಂದು 1998ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಕೆಲಸದ ಜಾಗದ ಪರೀಕ್ಷೆಯಲ್ಲಿ ಅಫೀಮಿನ ಮಿತಿಯನ್ನು 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಬೇಕಾಯಿತು. ಬ್ರೆಡ್ಡಿನ ಮೇಲಿನ ಚಿಟಿಕೆ ಬೀಜಕ್ಕೇ ಹೀಗಾದರೆ, ಬಟ್ಟಲುಗಟ್ಟಲೆ ಗಸಗಸೆ ಪಾಯಸ ಕುಡಿದವನ ಗತಿ ಏನು? ಅದಕ್ಕೇ ಪಟ್ಟಿಯಲ್ಲಿ 'ಇದೆ' ಎಂದು ಬಂದದ್ದನ್ನು ಪ್ರಯೋಗಾಲಯದ ದೊಡ್ಡ ಯಂತ್ರದಲ್ಲಿ ಮತ್ತೊಮ್ಮೆ ನೋಡಬೇಕು. ಅದಿಲ್ಲದೆ ಯಾರ ಮೇಲೂ ಕ್ರಮ ಕೈಗೊಳ್ಳಬಾರದು. ಕಲಬುರಗಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಆದರೆ ಅದು ಕೊಲೆಯಿಂದ ಹಿಡಿದು ವಿಷದವರೆಗೆ ನಾನಾ ಕೇಸಿನ ಮಾಲು ನೋಡುವ ಜಾಗ. ವಾರ ವಾರದ ಮೂತ್ರದ ಬಾಟಲಿಗಳನ್ನೂ ಅದರ ಮೇಲೆ ಹೇರಿದರೆ ಕೊಲೆ ಕೇಸಿನ ವರದಿಯೂ ತಡ, ಇದೂ ತಡ.

ಇನ್ನು ನಮ್ಮ ಬಿಸಿಲು. ಬಹಳಷ್ಟು ಪಟ್ಟಿಗಳನ್ನು 30 ಡಿಗ್ರಿಯೊಳಗೆ ಇಡಬೇಕು ಎಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ದಾಟುತ್ತದೆ. ಎಸಿ ಇಲ್ಲದ ಕೋಣೆಯ ಬೀರುವಿನಲ್ಲಿ ಆ ಡಬ್ಬಿ ಬೇಯುತ್ತಿರುತ್ತದೆ. ಮೂತ್ರ ಬದಲಿಸಿದ್ದಾನೋ ಎಂದು ನೋಡಲು ಇರುವ ಉಪಾಯ ಬಾಟಲಿಯ ಬಿಸಿ. 4 ನಿಮಿಷದೊಳಗೆ ನೋಡಿದರೆ 32ರಿಂದ 38 ಡಿಗ್ರಿ ಇರಬೇಕು. ನಮ್ಮ ಬೇಸಿಗೆಯಲ್ಲಿ ಜೇಬಿನಲ್ಲಿಟ್ಟ ನೀರಿನ ಬಾಟಲಿಯೂ ಅಷ್ಟೇ ಬಿಸಿ ಇರುತ್ತದೆ. ಇನ್ನೊಂದು ಉಪಾಯ ಮೂತ್ರ ತೆಳ್ಳಗಿದೆಯೋ ನೋಡುವುದು. ತೆಳ್ಳಗಿದ್ದರೆ ಬೇಕಂತಲೇ ನೀರು ಕುಡಿದು ಬಂದ ಎನ್ನುತ್ತಾರೆ. ಇಟ್ಟಂಗಿ ಭಟ್ಟಿಯಲ್ಲಿ, ಶಹಾಬಾದ್ ಫರ್ಸಿ ಗಣಿಯಲ್ಲಿ ದುಡಿಯುವವನು ದಿನಕ್ಕೆ ಎಷ್ಟು ತಂಬಿಗೆ ನೀರು ಕುಡಿಯುತ್ತಾನೆ ಎಂಬುದು ನಮಗೆ ಗೊತ್ತು, ಅಲ್ವಾ? ಬೇರೆ ಹವೆಯಲ್ಲಿ ಕೂತು ಮಾಡಿದ ನಿಯಮವನ್ನು ಇಲ್ಲಿಗೆ ಹಾಗೇ ತಂದರೆ ಪ್ರಾಮಾಣಿಕನೂ ಕಳ್ಳನಾಗುತ್ತಾನೆ.

ಕಾಲದ ಲೆಕ್ಕ ಇದಕ್ಕಿಂತ ಮುಖ್ಯ. ಹೆರಾಯಿನ್, ಕೊಕೇನ್ ಮೂತ್ರದಲ್ಲಿ ಎರಡು ಮೂರು ದಿನ ಕಾಣುತ್ತವೆ, ಆಮೇಲೆ ಇಲ್ಲ. ಸಾರಾಯಿ ಕೆಲವು ತಾಸಿಗೆ ಹೋಗುತ್ತದೆ. ಗಾಂಜಾ ಹಾಗಲ್ಲ. ಅದು ಮೈಯ ಕೊಬ್ಬಿನಲ್ಲಿ ಕೂರುತ್ತದೆ. ಒಂದು ಸಲ ಸೇದಿದವನಲ್ಲಿ ಮೂರು ದಿನ ಕಂಡರೆ, ದಿನಾ ಸೇದುತ್ತಿದ್ದವನಲ್ಲಿ ಬಿಟ್ಟ ಮೇಲೂ ತಿಂಗಳವರೆಗೆ, ಕೆಲವೊಮ್ಮೆ ಇನ್ನೂ ಜಾಸ್ತಿ ಕಾಣುತ್ತದೆ. ಒಬ್ಬ ಹುಡುಗ ಮುಚ್ಚಳಿಕೆ ಬರೆದ ದಿನವೇ ಗಾಂಜಾ ಬಿಟ್ಟ ಎಂದುಕೊಳ್ಳಿ. ಮೂರನೇ ವಾರ ಪರೀಕ್ಷೆ ಮಾಡಿದರೂ ಪಟ್ಟಿ 'ಇದೆ' ಎನ್ನಬಹುದು. ಅವನು ಮಾತು ತಪ್ಪಿಲ್ಲ. ಪಟ್ಟಿ ಹಳೆಯ ಕಥೆ ಹೇಳುತ್ತಿದೆ. ಮೊದಲ ದಿನವೇ ಅಳತೆ ತೆಗೆದು, ಆಮೇಲೆ ಇಳಿಯುತ್ತಿದೆಯೋ ಏರುತ್ತಿದೆಯೋ ಎಂದು ಪ್ರಯೋಗಾಲಯದಲ್ಲಿ ನೋಡಿದರೆ ಮಾತ್ರ ನ್ಯಾಯ.

ಗಾಂಜಾ ಗಿಡದ ಎಲೆಯಿಂದ ಮಾಡುವ ಭಂಗಿಯ ವಿಷಯವೂ ಇದೆ. ಕಾಯ್ದೆಯ ಪ್ರಕಾರ ಗಾಂಜಾ ಅಂದರೆ ಗಿಡದ ಹೂವು, ಕಾಯಿ ಇರುವ ತುದಿ. ತುದಿ ಇಲ್ಲದ ಬರೀ ಎಲೆ, ಬೀಜ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. 2022ರಲ್ಲಿ ಭಂಗಿ ಕೇಸೊಂದರಲ್ಲಿ ಕರ್ನಾಟಕ ಹೈಕೋರ್ಟ್ ಇದೇ ಕಾರಣ ನೋಡಿ ಜಾಮೀನು ಕೊಟ್ಟಿತು. ಮೂತ್ರಕ್ಕೆ ಎಲೆ ಯಾವುದು, ಹೂವು ಯಾವುದು ಗೊತ್ತಾಗುವುದಿಲ್ಲ. ಸುರಪುರ ಕಡೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಭಕ್ತರು ಗಾಂಜಾ ಸೇವಿಸುವ ರೂಢಿಯ ಬಗ್ಗೆ 2020ರಲ್ಲಿ ಪತ್ರಿಕೆಗಳು ಬರೆದಿದ್ದವು. ಅದನ್ನು ಸರಿ ಎಂದು ನಾನು ಹೇಳುತ್ತಿಲ್ಲ. ಯಾದಗಿರಿಯಂಥ ಜಿಲ್ಲೆಯಲ್ಲಿ ಆ ಗಿಡದ ಜೊತೆ ಜನರ ಸಂಬಂಧ ಹಳೆಯದು, ಅದನ್ನು ಒಂದು ಪ್ಲಾಸ್ಟಿಕ್ ಪಟ್ಟಿ ಬಿಡಿಸಲಾರದು ಎಂದಷ್ಟೇ ಹೇಳುತ್ತಿದ್ದೇನೆ.

ನನಗೆ ಎಲ್ಲಕ್ಕಿಂತ ಹೆದರಿಕೆ ಇರುವುದು ಮುಂದಿನ ವಿಷಯದಲ್ಲಿ. ಪರೀಕ್ಷೆ ಹಿಡಿಯುವುದು ಗಾಂಜಾ. ನಮ್ಮ ಭಾಗದ ಬಡವರ ಮೈ ತಿನ್ನುವುದು ಸಾರಾಯಿ, ಅದರ ಜೊತೆ ಕಲಬೆರಕೆ ಸೇಂದಿ. ನಮ್ಮ ಕಡೆ 2004ರಲ್ಲಿ ಸೇಂದಿ ನಿಷೇಧವಾಯಿತು. ಸೇಡಂ, ಗುರುಮಠಕಲ್ ದಾಟಿದರೆ ತೆಲಂಗಾಣ, ಅಲ್ಲಿ ನಿಷೇಧ ಇಲ್ಲ. ಸಿಎಚ್ ಪೌಡರ್ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್, ನಿದ್ದೆ ತರಿಸುವ ಅಲ್ಪ್ರಾಜೋಲಾಂ, ಡಯಾಜೆಪಾಂ ಮಾತ್ರೆ ಕಲಸಿದ ಸೇಂದಿ ಈ ಗಡಿಯುದ್ದಕ್ಕೂ ಹಳೆಯ ಪಿಡುಗು. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಸತ್ತರು. ಐದು ಬಗೆ ನೋಡುವ ಸಾಮಾನ್ಯ ಪಟ್ಟಿಯಲ್ಲಿ ಅಲ್ಪ್ರಾಜೋಲಾಂ ಬರುವುದಿಲ್ಲ. ಹತ್ತು ಬಗೆಯ ಪಟ್ಟಿಯಲ್ಲೂ ಸಿಎಚ್ ಪೌಡರ್ ಸಿಗುವುದಿಲ್ಲ.

ಗಾಂಜಾ ಸೇದಿದರೆ ತಿಂಗಳು ಕಾಣುತ್ತದೆ, ಸೇಂದಿ ಕುಡಿದರೆ ಸಾಮಾನ್ಯ ಪಟ್ಟಿಯಲ್ಲಿ ಕಾಣುವುದೇ ಇಲ್ಲ ಎಂದು ಗೊತ್ತಾದವನು ಎತ್ತ ಹೋಗುತ್ತಾನೆ? ಇಂಗ್ಲೆಂಡಿನ ಜೈಲುಗಳಲ್ಲಿ 1990ರ ದಶಕದ ನಡುವಿನಲ್ಲಿ ಕಡ್ಡಾಯ ಪರೀಕ್ಷೆ ಬಂದಾಗ ಇದೇ ಆತಂಕ ಹುಟ್ಟಿತ್ತು. ಗಾಂಜಾ ಬಿಟ್ಟು ಬೇಗ ಕರಗುವ ಹೆರಾಯಿನ್ ಕಡೆ ವಾಲುತ್ತಾರೆ ಎಂದು. ಮುಂದೆ ಸ್ಪೈಸ್ ಎಂಬ ಕೃತಕ ಗಾಂಜಾ ಅಲ್ಲಿ ಹಬ್ಬಿತು. ಹಳೆಯ ಪರೀಕ್ಷೆಗೆ ಅದು ಸಿಗುತ್ತಿರಲಿಲ್ಲ. ಅದು ಮಾಡಿದ ಹಾನಿ ಗಾಂಜಾಕ್ಕಿಂತ ಬಹಳ ದೊಡ್ಡದು.

ಇನ್ನೊಂದು ಅಪಾಯವೂ ಉಂಟು. ವರ್ಷಗಟ್ಟಲೆ ಸಾರಾಯಿ ಅಥವಾ ಮಾತ್ರೆ ಕಲಸಿದ ಸೇಂದಿ ಕುಡಿದವನು ಪರೀಕ್ಷೆಗೆ ಹೆದರಿ ಒಂದೇ ದಿನಕ್ಕೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವವೇ ಹೋಗಬಹುದು. ಗಾಂಜಾ ಬಿಟ್ಟವನಿಗೆ ನಿದ್ದೆ ಬರುವುದಿಲ್ಲ, ಸಿಡುಕು ಬರುತ್ತದೆ. ಇವನದು ಹಾಗಲ್ಲ. ಡಾಕ್ಟರು ಇಲ್ಲದ ಪರೀಕ್ಷೆ ಈ ಮನುಷ್ಯನನ್ನು ಕೊಲ್ಲಬಲ್ಲದು.

ಪರೀಕ್ಷೆಯಿಂದ ಏನೂ ಉಪಯೋಗ ಇಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಹವಾಯಿಯಲ್ಲಿ 2004ರಲ್ಲಿ ಸ್ಟೀವನ್ ಆಲ್ಮ್ ಎಂಬ ನ್ಯಾಯಾಧೀಶರು 'ಹೋಪ್' ಎಂಬ ಕ್ರಮ ಶುರು ಮಾಡಿದರು. ಪದೇ ಪದೇ ಪರೀಕ್ಷೆ. ಸಿಕ್ಕರೆ ಕೂಡಲೇ ಶಿಕ್ಷೆ, ಆದರೆ ಕೆಲವೇ ದಿನದ್ದು. 2009ರ ಅಧ್ಯಯನದಲ್ಲಿ ಅವರಲ್ಲಿ ಹೊಸ ಬಂಧನ 55 ಶೇಕಡ ಕಡಿಮೆ ಎಂದು ಕಂಡಿತು. ಎಲ್ಲರೂ ಹೊಗಳಿದರು. ಅದೇ ಕ್ರಮವನ್ನು ಬೇರೆ ನಾಲ್ಕು ರಾಜ್ಯಗಳಲ್ಲಿ ಮಾಡಿ 2016ರಲ್ಲಿ ಅಳೆದಾಗ ಮರುಬಂಧನದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ದಕ್ಷಿಣ ಡಕೋಟದಲ್ಲಿ 2005ರಿಂದ ಕುಡಿದು ಗಾಡಿ ಓಡಿಸಿ ಸಿಕ್ಕವರಿಗೆ ದಿನಕ್ಕೆ ಎರಡು ಸಲ ಉಸಿರು ಪರೀಕ್ಷೆ ಮಾಡುತ್ತಾರೆ. ಅಲ್ಲಿ ಮತ್ತೆ ಕುಡಿದು ಓಡಿಸುವವರ ಬಂಧನ ಶೇಕಡ 12ರಷ್ಟು ಇಳಿಯಿತು. ಉಸಿರು ಪರೀಕ್ಷೆ ಇವತ್ತಿನ ಮಾತು ಹೇಳುತ್ತದೆ, ಮೂತ್ರ ಹೋದ ತಿಂಗಳಿನದು. ಫಲ ಬೇರೆಯಾಗಲು ಇದೂ ಒಂದು ಕಾರಣ ಎಂದು ನನಗನಿಸುತ್ತದೆ.

ಅಮೆರಿಕದ ಇನ್ನೊಂದು ಲೆಕ್ಕ ನೆನಪಿಡಬೇಕು. 2019ರ ಒಂದು ವರದಿಯ ಪ್ರಕಾರ ಅಲ್ಲಿನ ರಾಜ್ಯ ಜೈಲುಗಳಿಗೆ ಬರುವ ನಾಲ್ವರಲ್ಲಿ ಒಬ್ಬ ಬರುವುದು ಹೊಸ ಅಪರಾಧಕ್ಕಲ್ಲ. ಪರೀಕ್ಷೆಯಲ್ಲಿ ಸಿಕ್ಕ, ಅಧಿಕಾರಿಯ ಮುಂದೆ ಹಾಜರಾಗಲಿಲ್ಲ, ಇಂಥ ಷರತ್ತು ಮುರಿದ ಕಾರಣಕ್ಕೆ. ಜೈಲು ತಪ್ಪಿಸಲು ಹುಟ್ಟಿದ ಪ್ರೊಬೇಷನ್ನೇ ಜೈಲಿನ ದಾರಿಯಾಗಿದೆ.

ನಮ್ಮ 1958ರ ಕಾಯ್ದೆ ಬರೆದವರಿಗೆ ಈ ವಿಷಯ ಗೊತ್ತಿತ್ತೇನೋ. 9ನೇ ಕಲಮು ಓದಿ. ಮುಚ್ಚಳಿಕೆಯ ಷರತ್ತು ಮುರಿದವನಿಗೆ ಕೋರ್ಟು ಮೂಲ ಅಪರಾಧದ ಶಿಕ್ಷೆ ಕೊಡಬಹುದು. ಆದರೆ ಮೊದಲ ಸಲ ತಪ್ಪಿದ್ದರೆ ಮುಚ್ಚಳಿಕೆಯನ್ನು ಹಾಗೇ ಉಳಿಸಿ, 50 ರೂಪಾಯಿವರೆಗೆ ದಂಡ ಹಾಕಿ ಬಿಡಬಹುದು. ಆ 50 ರೂಪಾಯಿ ಇವತ್ತಿಗೂ ಹಾಗೇ ಇದೆ. ಮನುಷ್ಯ ಒಂದು ಸಲ ಎಡವುತ್ತಾನೆ, ಎಡವಿದವನನ್ನು ಎಬ್ಬಿಸಬೇಕು ಎಂಬ ತಿಳಿವಳಿಕೆ ಆ ಸಣ್ಣ ಮೊತ್ತದಲ್ಲಿದೆ. ಚಟ ಬಿಡುವ ದಾರಿಯಲ್ಲಿ ಎಡವದವರೇ ಅಪರೂಪ ಎಂದು ಯಾವ ಮನೋವೈದ್ಯರನ್ನು ಕೇಳಿದರೂ ಹೇಳುತ್ತಾರೆ.

ಹಾಗಾಗಿ ನಮ್ಮ ಕಡೆ ಪರೀಕ್ಷೆ ಬಂದರೆ ಫಲಿತಾಂಶ ಮೊದಲು ಡಾಕ್ಟರಿಗೆ ಹೋಗಬೇಕು. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಎಂಬ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು ಇವೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ಇದೆ. ಪರೀಕ್ಷೆ ಅಲ್ಲೇ ಆಗಲಿ. ಔರಾದಿನವನು ಬೀದರಿಗೆ, ಸುರಪುರದವನು ಯಾದಗಿರಿಗೆ ವಾರ ವಾರ ಬರಬೇಕೆಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು ಹೋಗುತ್ತದೆ. ಸುಗ್ಗಿ ಮುಗಿದ ಮೇಲೆ ಪುಣೆಗೋ ಬೆಂಗಳೂರಿಗೋ ಗುಳೇ ಹೋಗುವ ಕುಟುಂಬಕ್ಕೆ ಆ ಷರತ್ತು ಅಂದರೆ ಹೊಟ್ಟೆಯ ಮೇಲೆ ಹೊಡೆತ. ಹೋದ ಊರಿನಲ್ಲೇ ಹಾಜರಾಗುವ ಅವಕಾಶ ಇರಲೇಬೇಕು. ಪರೀಕ್ಷೆಯಲ್ಲಿ 'ಇದೆ' ಎಂದು ಬಂದರೆ ಅದನ್ನೇ ಹಿಡಿದು 27ನೇ ಕಲಮಿನಡಿ ಹೊಸ ಕೇಸು ಹಾಕುವಂತೆ ಇರಬಾರದು. ಹಾಗೆ ಹಾಕಿದರೆ ಯಾರೂ ಡಾಕ್ಟರ ಮುಂದೆ ನಿಜ ಹೇಳುವುದಿಲ್ಲ. ಷರತ್ತಿಗೂ ಒಂದು ಮಿತಿ ಬೇಕು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಒಂದು ಡ್ರಗ್ಸ್ ಕೇಸಿನಲ್ಲೇ, ಆರೋಪಿ ಗೂಗಲ್ ಮ್ಯಾಪಿನಲ್ಲಿ ತಾನಿರುವ ಜಾಗ ಪೊಲೀಸರಿಗೆ ತೋರಿಸುತ್ತಿರಬೇಕು ಎಂಬ ಜಾಮೀನು ಷರತ್ತನ್ನು ತೆಗೆದುಹಾಕಿತು. ಖಾಸಗಿತನದ ಹಕ್ಕು ಜಾಮೀನಿನ ಮೇಲಿರುವವನಿಗೂ ಇದೆ ಎಂದಿತು. ಇನ್ನೊಬ್ಬರ ಕಣ್ಣೆದುರು ನಿಂತು ಮೂತ್ರ ಮಾಡು ಎನ್ನುವುದು ಅದಕ್ಕಿಂತ ಸಣ್ಣ ವಿಷಯವಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ಯೋಚನೆ ಮಾಡಿದರೇ ಸಂಕಟವಾಗುತ್ತದೆ.

ಚಿಕಿತ್ಸೆಗೆ ಜಾಗ ಎಲ್ಲಿದೆ ಎಂಬುದು ನಿಜವಾದ ಕೊರತೆ. ಏಮ್ಸ್ 2019ರಲ್ಲಿ ಕೊಟ್ಟ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸಾರಾಯಿ ಚಟ ಅಂಟಿದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ಪಟ್ಟಿ ಕೊಳ್ಳುವ ದುಡ್ಡಿದ್ದರೆ ಮೊದಲು ಹಾಸಿಗೆಗೆ, ಆಪ್ತಸಮಾಲೋಚಕರಿಗೆ ಹಾಕಬೇಕು ಎಂದು ನಾನು ಹೇಳುವುದು ಇದಕ್ಕೇ.

ಮುಂದಿನ ತಾರೀಕಿಗೆ ಆ ತಾಯಿ ಮತ್ತೆ ಸಿಕ್ಕರು. ಒಂದು ಚೀಟಿಯಲ್ಲಿ 64ಎ, 39 ಎಂದು ಬರೆದು, ಕೆಳಗೆ ವ್ಯಸನ ಮುಕ್ತಿ ಸಹಾಯವಾಣಿಯ ನಂಬರ್ 14446 ಬರೆದು ಕೊಟ್ಟೆ. "ಉಚ್ಚಿ ಚೆಕ್ ಬ್ಯಾಡೇನ್ರಿ ಹಂಗಾರ?" ಎಂದು ಕೇಳಿದರು. ಮೊದಲು ಡಾಕ್ಟರಿಗೆ ತೋರಿಸಿ, ಅವರು ಬೇಕೆಂದರೆ ಮಾಡಿಸಿ ಎಂದೆ. ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ವಕೀಲರನ್ನು ಹುಡುಕುತ್ತ ಒಳಗೆ ಹೋದರು.